ಮೂರನೇ ಸಾಲಿನ ಖಾಲಿ ಜಾಗ

ಲೋಥರ್ ಬರೆದ ಮನೆತನದ ಪುಸ್ತಕ ಶುಕ್ರವಾರ ಅಚ್ಚಿಗೆ ಹೋಗುವುದಿತ್ತು. ಬುಧವಾರ ಅದನ್ನು ಹುಲ್ಡತ್ತೆಗೆ ಓದಿ ಹೇಳಲು ಬಂದ. ಹುಲ್ಡಾಳ ಅಣ್ಣನ ಮಗ ಅವನು. ಮೇಷ್ಟ್ರ ಕೆಲಸ ಮುಗಿದ ಮೇಲೆ ಹಳೇ ಕಾಗದಗಳ ಹಿಂದೆ ಬಿದ್ದಿದ್ದ. ಪ್ರಷ್ಯದಿಂದ ಹಡಗು ಹತ್ತಿ ಬಂದು ಈ ಬರೋಸಾ ಕಣಿವೆಯಲ್ಲಿ ಹೊಲ ಮಾಡಿದ ಮುತ್ತಜ್ಜ ಗಾಟ್‌ಫ್ರೀಡನ ಕಥೆ ಓದುವಾಗ ಹುಲ್ಡಾ ಕ್ವಿನ್ಸ್ ಹಣ್ಣಿನ ಸಿಪ್ಪೆ ಹೆರೆಯುತ್ತಾ ತಲೆದೂಗಿದಳು. ಆಮೇಲೆ ಈ ಸಾಲು ಬಂತು: "ಹೆಂಡತಿ ಅರ್ನೆಸ್ಟೀನ್ ಹಸುಗೂಸನ್ನು ಬಿಟ್ಟು ತವರಿಗೆ ಮರಳಿದಳು."

ಹುಲ್ಡಾಳ ಕೈ ನಿಂತಿತು. ಆ ಹಸುಗೂಸೇ ಅವಳನ್ನು ಸಾಕಿ ಬೆಳೆಸಿದ ಅಜ್ಜಿ ಬೆರ್ಟಾ.

ಅದಕ್ಕೇನು ಆಧಾರ ಅಂತ ಕೇಳಿದಳು. ಹಡಗಿನ ಪಟ್ಟಿಯಲ್ಲಿ ಇ. ನೋಸ್ಕೆ, ಅಂದರೆ ಮುತ್ತಜ್ಜನ ಮನೆತನದ ಹೆಸರೂ ಇಂಗ್ಲಿಷಿನಲ್ಲಿ ಅರ್ನೆಸ್ಟೀನಳ ಮೊದಲಕ್ಷರವೂ ಇರುವವಳೊಬ್ಬಳು ಪ್ರಷ್ಯಕ್ಕೆ ಹಿಂದಿರುಗಿದ್ದಾಳೆ, ಚರ್ಚಿನ ಹಳೇ ದಫ್ತರ ಗೆದ್ದಲು ತಿಂದಿದೆ, ಮುತ್ತಜ್ಜನ ಪಕ್ಕದಲ್ಲಿ ಅವಳ ಗೋರಿಯೂ ಇಲ್ಲ ಅಂದ ಲೋಥರ್.

"ಪಕ್ಕದಲ್ಲಿ ಯಾಕಿರ್ತದೋ ಪೆದ್ದಪ್ಪ? ಆಗೆಲ್ಲ ಸತ್ತ ಸರದಿಯಲ್ಲೇ ಹೂಳ್ತಿದ್ದದ್ದು."

ಗಂಡ ಹೆಂಡತಿ ಅಂತಿಲ್ಲ, ಸಾಹುಕಾರ ಆಳು ಅಂತಿಲ್ಲ. ಮುಂದೆ ಯಾರು ಸತ್ತರೋ ಮುಂದಿನ ಗುಂಡಿ ಅವರದು. ಜಾಗ ಹಿಡಿದಿಡುವ ಪದ್ಧತಿ ಈಚಿನದು. ಹೋದ ಚಳಿಗಾಲ ಗಂಡ ಆಲ್ವಿನ್ ತೀರಿಕೊಂಡಾಗ ಪಾದ್ರಿ ಕೇಳಿದ್ದರು, ಪಕ್ಕದ ಜಾಗ ನಿಮಗಿಡಲಾ ಅಮ್ಮ ಅಂತ. ಇರಲಿ ಅಂದಿದ್ದಳು. ಈಗ ಒಂಟಿ ಹಾಸಿಗೆಯಲ್ಲಿ ಅದನ್ನೇ ನೆನೆಸಿಕೊಂಡು ನಿದ್ದೆ ಹೋಗುತ್ತಾಳೆ.

ಆಗ ಇನ್ನೊಂದು ನೆನಪಾಯಿತು. ಅಜ್ಜಿ ತನ್ನ ಹುಟ್ಟುಹಬ್ಬದ ಬೆಳಿಗ್ಗೆ ಎದ್ದ ಕೂಡಲೇ ಕೇಕು ಕೊಯ್ಯುತ್ತಿರಲಿಲ್ಲ. ಮೊದಲು ರೋಸ್‌ಮೇರಿ ಸೊಪ್ಪು ಕಿತ್ತುಕೊಂಡು, ಹುಲ್ಡಾಳ ಕೈ ಹಿಡಿದು ಗೋರಿತೋಟಕ್ಕೆ ಹೋಗುವಳು. ಯಾರ ಹೆಸರೂ ಇಲ್ಲದ ಕಡೆ ಸೊಪ್ಪಿಟ್ಟು ಸುಮ್ಮನೆ ನಿಲ್ಲುವಳು. ಕೇಕಿನ ಆಸೆಯಲ್ಲಿ ಹುಲ್ಡಾ ಒಮ್ಮೆಯೂ ಯಾರು ಅಂತ ಕೇಳಲಿಲ್ಲ.

"ಗಾಡಿ ತೆಗಿ," ಅಂದಳು.

ಗೋರಿತೋಟದಲ್ಲಿ ಹುಲ್ಡಾಳ ಕಾಲು ದಾರಿ ಮರೆತಿರಲಿಲ್ಲ. ಮೂರನೇ ಸಾಲು, ಎರಡು ಹಳೇ ಕಲ್ಲುಗಳ ನಡುವೆ ಬರೀ ಹುಲ್ಲು. ಲೋಥರ್ ಮಂಡಿಯೂರಿ ಪಾಚಿ ಕೆರೆದ. ಎಡಗಡೆ ಒಂದು ಮಗು, ತೀರಿಕೊಂಡದ್ದು ಒಂಬತ್ತನೇ ಮಾರ್ಚಿ ೧೮೫೪. ಬಲಗಡೆ ಒಬ್ಬ ಮುದುಕ, ಅದೇ ಮಾರ್ಚಿ ಇಪ್ಪತ್ತೊಂದು.

"ಬೆರ್ಟಜ್ಜಿ ಹುಟ್ಟಿದ್ದು ಯಾವತ್ತತ್ತೆ?" ಕೇಳುವಾಗಲೇ ಅವನ ದನಿ ಇಳಿದಿತ್ತು.

"ಹದಿನಾಲ್ಕು."

ಅವನು ಎರಡು ಕಲ್ಲುಗಳ ನಡುವಿನ ಹುಲ್ಲನ್ನು ಅಂಗೈಯಿಂದ ಸವರಿದ. ಮುತ್ತಜ್ಜನ ಕಲ್ಲಿನ ಮೇಲೆ ಅರ್ನೆಸ್ಟೀನಳ ಹೆಸರೂ ಕೆತ್ತಿಸೋಣ, ಇಬ್ಬರೂ ಒಂದು ಕಡೆ ಇರಲಿ ಅಂದ.

"ಬೇಡ. ಹೆಸರು ಇಲ್ಲೇ ಇರಲಿ. ಹೆರಿಗೆಯಲ್ಲಿ ಹೋದಳು, ಬಿಟ್ಟು ಹೋಗಲಿಲ್ಲ. ಹಾಗೆ ಬರಿ."

ಅವನು ಬರೆದುಕೊಳ್ಳುತ್ತಿರುವಾಗ ಹುಲ್ಡಾ ಕೋಲೂರಿಕೊಂಡು ಗಾಟ್‌ಫ್ರೀಡನ ಕಲ್ಲಿನವರೆಗೆ ನಡೆದು ನೋಡಿದಳು. ಮೂವತ್ತು ವರ್ಷ ತಡವಾಗಿ ಬಂದವನು ಅರವತ್ತೆರಡು ಹೆಜ್ಜೆ ದೂರದಲ್ಲಿ ಮಲಗಿದ್ದ; ನಡುವೆ ಊರಿನವರೆಲ್ಲ. ಅಲ್ಲಿಂದ ಬೇಲಿಯಾಚೆಯ ಹೊಸ ಭಾಗ ಕಾಣುತ್ತಿತ್ತು: ಆಲ್ವಿನ್‌ನ ಗೋರಿ, ಅದರ ಬಲಕ್ಕೆ ಒಂದು ತೋಳಿನಳತೆಯ ಖಾಲಿ ನೆಲ. ಅದನ್ನು ನೋಡುತ್ತಾ ನಿಂತಳು, ಲೋಥರ್ ಎರಡು ಸಲ ಕರೆಯುವವರೆಗೂ.