ವೇದಿಕೆಗೆ ಬೆನ್ನು ಹಾಕಿ ನಿಂತವರು

ನಮ್ಮ ಬರ್ನಡೀನ್ ಅತ್ತೆ ಹ್ಯಾಮ್‌ಟ್ರಾಮಿಕ್‌ನಿಂದ ಬಸ್ಸು ಹತ್ತಿ ಡೆಟ್ರಾಯಿಟ್‌ನ ಒಂದು ಸಂಗೀತ ಭವನಕ್ಕೆ ಹೋಗಿ ಬಾಗಿಲು ಕಾಯುತ್ತಿದ್ದವರು. ವೇದಿಕೆಗೆ ಹತ್ತಿರದ ಬಾಗಿಲು ಅವರದು. ಸಂಗೀತ ಶುರುವಾದ ಮೇಲೆ ಬಂದವರನ್ನು ಅವರು ಒಳಗೆ ಬಿಡುತ್ತಿರಲಿಲ್ಲ. ಒಂದು ಭಾಗ ಮುಗಿದು ಇನ್ನೊಂದು ಶುರುವಾಗುವ ಸಣ್ಣ ಬಿಡುವಿನ ತನಕ ಎಂಥವರೂ ಹೊರಗೇ. ಸಭೆಯ ಮೇಲೆ ಕಣ್ಣಿಡಬೇಕಾದ್ದರಿಂದ ವೇದಿಕೆಗೆ ಬೆನ್ನು ಹಾಕಿಯೇ ನಿಲ್ಲುತ್ತಿದ್ದರು. ಹೀಗಾಗಿ ಎಷ್ಟೋ ಸಿಂಫನಿಗಳನ್ನು ಕೇಳಿದ್ದರು, ಒಂದನ್ನೂ ನೋಡಿರಲಿಲ್ಲ.

ಅವರಿಗೆ ಅಚ್ಚುಮೆಚ್ಚು ರಿಡ್ಲಿ ಎಂಬುವವರ ಓಬೋ. ಶಹನಾಯಿಗೆ ದೂರದ ನೆಂಟನಂಥ ವಾದ್ಯ ಅದು. "ಆ ಮನುಷ್ಯ ಊದುವಾಗ ಮುಖ ಹೇಗಿರುತ್ತೋ, ಒಂದ್ಸಲ ನೋಡ್ಬೇಕು ಕಣೋ ಟ್ಯಾಡ್" ಎಂದು ನನ್ನ ಹತ್ತಿರ ಹೇಳುತ್ತಲೇ ಇದ್ದರು. ರಿಡ್ಲಿ ನಿವೃತ್ತರಾಗುವ ಸುದ್ದಿ ಬಂದಾಗ, ಅವರ ಕೊನೆಯ ಕಛೇರಿಗೆ ಅತ್ತೆ ಮೊದಲ ಬಾರಿ ಟಿಕೆಟ್ ಕೊಂಡರು. ಆಮೇಲೆ ಮನೆ ಮುಂದಿನ ಮಂಜುಗಡ್ಡೆಯ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡರು.

ಉಳಿದದ್ದು ಅಂತರ್ಜಾಲದ ನೇರ ಪ್ರಸಾರ. ಕಛೇರಿಯ ದಿನ ಬೆಳಗ್ಗೆಯೇ ಹೋಗಿ ಟಿವಿಗೆ ಎಲ್ಲ ಜೋಡಿಸಿಕೊಟ್ಟೆ. ಮಧ್ಯಾಹ್ನ ಉಪ್ಪಿನಲ್ಲಿಟ್ಟ ಸೌತೆಕಾಯಿಯ ಸೂಪು ತೆಗೆದುಕೊಂಡು ಹೋಗುವುದು ಸ್ವಲ್ಪ ತಡವಾಯಿತು. ಅಡುಗೆಮನೆ ದಾಟುವಷ್ಟರಲ್ಲಿ, ಸೋಫಾದಿಂದ ಅತ್ತೆಯ ಅಂಗೈ ಮೇಲೆದ್ದಿತು.

"ಅಲ್ಲೇ ನಿಲ್ಲು."

"ಅತ್ತೆ, ಚಿತ್ರ ನಿಂತುಹೋಗಿದೆ!"

ಪರದೆಯಲ್ಲಿ ವಾದ್ಯವೃಂದದ ನಿರ್ದೇಶಕರು ಕೋಲೆತ್ತಿ ಕಲ್ಲಾಗಿದ್ದರು. ಸಂಗೀತ ಮಾತ್ರ ಹರಿಯುತ್ತಿತ್ತು.

"ಗೊತ್ತು. ಮೊದಲನೇ ಭಾಗ ಮುಗೀಲಿ."

"ಒಂದೇ ಒಂದು ಗುಂಡಿ ಒತ್ತಿದ್ರೆ ಸರಿಹೋಗುತ್ತೆ."

"ಮೇಯರ್ ಹೆಂಡ್ತೀನೇ ಹೊರಗೆ ನಿಲ್ಲಿಸಿದೋಳು ನಾನು. ನೀನ್ಯಾವ ದೊಡ್ಡ ಮನುಷ್ಯ?"

"ಅಷ್ಟರಲ್ಲಿ ರಿಡ್ಲಿ ಬಂದು ಹೋದ್ರೆ?"

"ಅವನೊಬ್ಬನೇ ಊದೋದು ಬರೋದು ಎರಡನೇ ಭಾಗದಲ್ಲಿ. ನಿನಗಿಂತ ಸಮಯಪಾಲನೆ ಜಾಸ್ತಿ ಅವನಿಗೆ. ಬಾಯಿ ಮುಚ್ಚು."

ಸೂಪಿನ ಪಾತ್ರೆ ಹಿಡಿದು ಬಾಗಿಲಲ್ಲೇ ನಿಂತೆ. ಮೊದಲ ಭಾಗ ಮುಗಿದು, ಸಭೆಯ ಕೆಮ್ಮು ಕೇಳಿಸಿದ್ದೇ ತಡ, ಅಂಗೈ ಕೆಳಗಿಳಿಯಿತು. ಓಡಿ ಹೋಗಿ ಪ್ರಸಾರವನ್ನು ಹೊಸದಾಗಿ ಶುರು ಮಾಡಿದೆ. ಕಪ್ಪು ಪರದೆಯ ಮೇಲೆ ಬಿಳಿ ಚಕ್ರ ಸುತ್ತತೊಡಗಿತು. ಅದರ ಹಿಂದೆಯೇ ಎರಡನೇ ಭಾಗದ ಪಿಟೀಲುಗಳು ಮೆಲ್ಲಗೆ ಕೇಳಿಬಂದವು. ಚಕ್ರ ಸುತ್ತುತ್ತಲೇ ಇತ್ತು. ಅತ್ತೆ ಊರುಗೋಲನ್ನು ಗಟ್ಟಿಯಾಗಿ ಹಿಡಿದುಕೊಂಡರು.

ಓಬೋದ ಮೊದಲ ಸ್ವರದ ಜೊತೆಗೇ ಚಿತ್ರ ಬಂತು. ಪರದೆ ತುಂಬ ರಿಡ್ಲಿಯ ಮುಖ. ಬೋಳುತಲೆ, ಕೆಂಪೇರಿದ ಕೆನ್ನೆ. ಸ್ವರ ಏರಿದಾಗಲೆಲ್ಲ ಎಡಗಡೆಯ ಹುಬ್ಬು ಒಂದೇ ಮೇಲೇರುತ್ತಿತ್ತು.

"ಅಯ್ಯೋ, ನಮ್ಮ ಮೂಲೆ ಅಂಗಡಿ ಮಾಂಸದವನ ಥರಾನೇ ಇದ್ದಾನಲ್ಲೋ!" ಎಂದು ಅತ್ತೆ ಪಿಸುಗುಟ್ಟಿದರು. ಆಮೇಲೆ ಆ ಭಾಗ ಮುಗಿಯುವವರೆಗೂ ಕಣ್ಣು ಮಿಟುಕಿಸಿದಂತೆ ಕಾಣಲಿಲ್ಲ.

ಮುಗಿದ ಕೂಡಲೇ ಸರಸರ ಎಂದು ಒಂದು ಸದ್ದು. ಕ್ಯಾಮೆರಾ ಕೆಳಗಿಳಿಯಿತು. ರಿಡ್ಲಿಯ ಅಕ್ಕಪಕ್ಕದವರೆಲ್ಲ ತಮ್ಮ ಕಪ್ಪು ಬೂಟುಗಳನ್ನು ನೆಲಕ್ಕೆ ಉಜ್ಜುತ್ತಿದ್ದರು. ಕೈಯಲ್ಲಿ ವಾದ್ಯ ಹಿಡಿದವರು ಜೊತೆಗಾರನಿಗೆ ಹೊಡೆಯುವ ಚಪ್ಪಾಳೆ ಅದು.

ಅತ್ತೆ ಬಾಯಿ ಮೇಲೆ ಕೈಯಿಟ್ಟುಕೊಂಡರು. "ಈ ಸದ್ದು ಇವರದ್ದಾ? ಮುಂದಿನ ಸಾಲಿನವರು ಕಾಲು ಉಜ್ಜುತ್ತಾರೆ ಅಂದ್ಕೊಂಡು ಎಷ್ಟು ಜನಕ್ಕೆ ಕಣ್ಣು ಬಿಟ್ಟಿದೀನೋ! ಪಾಪ, ಯಾವಾಗ್ಲೂ ಮೊದಲನೇ ಸಾಲಲ್ಲಿ ಕೂರ್ತಿದ್ದ ಒಬ್ಬ ಹಲ್ಲಿನ ಡಾಕ್ಟ್ರು ಕೊನೆಗೆ ರಬ್ಬರ್ ಅಟ್ಟೆಯ ಬೂಟು ಹಾಕ್ಕೊಂಡು ಬರೋಕೆ ಶುರುಮಾಡಿದ್ರು!"

ನಗು ತಡೆಯಲಾಗದೆ ಸೊಂಟ ಹಿಡಿದುಕೊಂಡರು. ನಗು ನಿಂತಾಗ ಕಣ್ಣು ಒದ್ದೆಯಾಗಿತ್ತು. "ಮೂಳೆ ಮುರೀದೇ ಇದ್ದಿದ್ರೆ ನನ್ನ ಸೀಟಿಂದ ಅವನ ಹುಬ್ಬು ಎಲ್ಲಿ ಕಾಣ್ತಿತ್ತು ಟ್ಯಾಡ್? ಆ ಕ್ಯಾಮೆರಾ ಹಿಡಿದೋರು ಯಾರೋ ಏನೋ, ದೇವರು ಅವರನ್ನ ಚೆನ್ನಾಗಿಟ್ಟಿರಲಿ." ಹಾಗೆಂದು ತಮ್ಮ ಉಣ್ಣೆಯ ಚಪ್ಪಲಿಗಳನ್ನು, ಮೊದಲು ನೋವಿಲ್ಲದ ಕಾಲಿನದು, ಆಮೇಲೆ ಜೋಪಾನವಾಗಿ ಇನ್ನೊಂದು, ನೆಲಕ್ಕೆ ಉಜ್ಜಿದರು. ನಾನೂ ಉಜ್ಜಿದೆ.

ಸೂಪು ಬಿಸಿ ಮಾಡಲು ಎದ್ದೆ. ಅಂಗೈ ಮತ್ತೆ ಮೇಲೆದ್ದಿತು.

"ಕೂತ್ಕೋ. ಮೂರನೇದು ಶುರುವಾಯ್ತು."