ಅತ್ತಿಗೆಯ ಉಪ್ಪಿನ ಡಬ್ಬಿ

ನನ್ನ ಅತ್ತಿಗೆ ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ವರಸೆಯಲ್ಲಿ ದೊಡ್ಡವಳು, ಬಾಯಲ್ಲಂತೂ ನಮ್ಮ ಇಡೀ ಮನೆತನಕ್ಕೇ ಹಿರಿಯಳು. ಎರಕದ ಕಾರ್ಖಾನೆಯ ಗೇಟಿನ ಎದುರಿಗೆ ಅವಳದೊಂದು ಊಟದ ಅಂಗಡಿ. ಆರು ಮೇಜು, ಹೊಗೆ ಹಿಡಿದ ಗೋಡೆ, ಬಾಗಿಲ ಪಕ್ಕ ಗಲ್ಲಾಪೆಟ್ಟಿಗೆ. ಗಲ್ಲಾದಲ್ಲಿ ಕೂರುವವಳು ನಾನು. ಹಿಂದುಗಡೆ ಪಾತ್ರೆ ತೊಳೆಯುವವಳು ದಿನವಿಡೀ ಏನಾದರೊಂದು ಗುನುಗುತ್ತಿದ್ದುದರಿಂದ ಅವಳಿಗೆ ರೇಡಿಯೋ ಅಂತಲೇ ಹೆಸರು ಬಿದ್ದಿತ್ತು. ಪಕ್ಕದ ಗೂಡಂಗಡಿಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರ ರಿಪೇರಿ ಮಾಡುವವನು ನನ್ನ ಅಣ್ಣ, ಅಂದರೆ ಅತ್ತಿಗೆಯ ಗಂಡ. ಎರಡು ಹೊತ್ತೂ ಅವನ ಊಟ ನಮ್ಮ ಅಂಗಡಿಯ ಮೂಲೆಯ ಮೇಜಿನಲ್ಲೇ. ಮಾತು ಕಡಿಮೆ. ಬಡಿಸಿದ್ದನ್ನು ತಿಂದು, ತಟ್ಟೆ ತಾನೇ ಎತ್ತಿಟ್ಟು ಹೋಗುವ ಆಸಾಮಿ.

ಅತ್ತಿಗೆ ಉಪ್ಪನ್ನು ಚಮಚದಲ್ಲಿ ಹಾಕಿದ್ದನ್ನು ನಾನು ನೋಡಿಲ್ಲ. ಡಬ್ಬಿಗೆ ಕೈ ಹಾಕಿ, ಮುಷ್ಟಿ ತುಂಬ ತೆಗೆದು, ಸೂಪಿನ ಪಾತ್ರೆಯ ಮೇಲೆ ಒಂದು ಸುತ್ತು ತಿರುಗಿಸಿದರೆ ಮುಗಿಯಿತು. ಕುಲುಮೆಯ ಮುಂದೆ ಬೆವರು ಸುರಿಸಿ ಬರುವ ಕಾರ್ಮಿಕರು ಅದನ್ನು ಬಾಯಿ ಚಪ್ಪರಿಸಿಕೊಂಡು ಕುಡಿಯುತ್ತಿದ್ದರು. ಮೇಜಿನ ಮೇಲೆ ಉಪ್ಪಿನ ಕುಪ್ಪಿ ಇಡುವ ಪದ್ಧತಿಯೇ ನಮ್ಮಲ್ಲಿ ಇರಲಿಲ್ಲ. ಹೊಸಬನೊಬ್ಬ ಕೇಳಿದ್ದಕ್ಕೆ ಅತ್ತಿಗೆ ಸೌಟು ಹಿಡಿದುಕೊಂಡೇ ಹೊರಗೆ ಬಂದಿದ್ದಳು. "ಯಾಕಪ್ಪಾ, ನನ್ನ ಕೈ ಬಿದ್ದುಹೋಗಿದೆಯಾ?" ಅಂದಳು. ಅವನು ಮತ್ತೆ ನಮ್ಮ ಕಡೆ ತಲೆ ಹಾಕಲಿಲ್ಲ.

ಆಗ ಬಂತು ಸರ್ಕಾರದ ನಿಯಮ. ಜನರ ರಕ್ತದೊತ್ತಡ ಏರುತ್ತಿದೆಯಂತೆ, ಅದಕ್ಕೆ ಮಾರುವ ಊಟದಲ್ಲಿ ಇಷ್ಟೇ ಉಪ್ಪು ಇರಬೇಕಂತೆ. ಮೇಜಿನ ಮೇಲೆ ಉಪ್ಪಿನ ಕುಪ್ಪಿ ಕೂಡದು. ಅಡುಗೆಮನೆಗೆ ದಿನಕ್ಕೊಂದು ಅಳೆದ ಪೊಟ್ಟಣ, ಅದರ ಹೊರತು ಒಂದು ಹರಳು ಸಿಕ್ಕಿದರೂ ತಪ್ಪು. ಎರಡು ಸಲ ಎಚ್ಚರಿಕೆ, ಮೂರನೆಯದಕ್ಕೆ ಅಂಗಡಿಗೆ ಬೀಗ.

ಅತ್ತಿಗೆ ಕೆಂಡಾಮಂಡಲವಾದಳು. "ಇವತ್ತು ಉಪ್ಪು ಅಳೀತಾರೆ, ನಾಳೆ ತುತ್ತು ಅಳೀತಾರೆ. ಜನ ಏನು ತಿನ್ನಬೇಕು ಅನ್ನೋದು ಜನಕ್ಕೆ ಬಿಟ್ಟಿದ್ದು ಕಣೇ. ಇದರ ಹಿಂದೆ ಏನೋ ಇದೆ, ಬರೆದಿಟ್ಕೋ."

ಸುಮ್ಮನೆ ಹೇಳಬಾರದು, ಏನೋ ಇದೆ ಅಂತ ನನಗೂ ಅನ್ನಿಸಿತ್ತು. ಗೇಟಿನ ಪಕ್ಕದ ಅಂಗಡಿಯಲ್ಲಿ ತೋರಣದ ಹಾಗೆ ನೇತುಬಿದ್ದ ಕುರುಕಲು ಪೊಟ್ಟಣಗಳನ್ನು ಯಾವ ಅಧಿಕಾರಿಯೂ ಮುಟ್ಟಲಿಲ್ಲ. ಇರುವೆ ಸಾಲಿನಂಥ ಅಕ್ಷರದಲ್ಲಿ ಉಪ್ಪಿನ ಲೆಕ್ಕ ಅಚ್ಚು ಹಾಕಿದ್ದಾರೆ, ಅಷ್ಟು ಸಾಕಂತೆ. ದೊಡ್ಡ ಯಂತ್ರ ಹಾಕಿದ ಉಪ್ಪು ಒಳ್ಳೆಯದು, ಹೆಂಗಸಿನ ಮುಷ್ಟಿ ಹಾಕಿದ್ದು ಕೆಟ್ಟದ್ದು! ನನಗೆ ಇವತ್ತಿಗೂ ಅದು ಜೀರ್ಣವಾಗಿಲ್ಲ.

ತಪಾಸಣೆಗೆ ಬಂದವನು ತೆಳ್ಳಗಿನ ಮನುಷ್ಯ, ಕೈಯಲ್ಲಿ ಉಪ್ಪು ಅಳೆಯಲು ಸೂಪಿಗೆ ಅದ್ದುವ ಕಡ್ಡಿಯಂಥ ಯಂತ್ರ. ಉಪ್ಪಿನ ಸಾಹೇಬ ಅಂತ ನಾವೇ ಹೆಸರಿಟ್ಟೆವು. ಯಾವ ಅಡುಗೆಗೆ ಎಷ್ಟು ಉಪ್ಪು ಅಂತ ಗೋಡೆಯ ಹಲಗೆಯ ಮೇಲೆ ಬರೆಯಬೇಕೆಂದ. ಅತ್ತಿಗೆ ಸುಣ್ಣದಕಡ್ಡಿ ತೆಗೆದುಕೊಂಡು ದೊಡ್ಡದಾಗಿ ಬರೆದಳು: ಉಪ್ಪು, ರುಚಿಗೆ ತಕ್ಕಷ್ಟು.

"ಯಾರ ರುಚಿಗೆ?" ಅಂತ ಸಾಹೇಬ ಕೇಳಿದ.

"ಇದೆಂಥ ಪ್ರಶ್ನೆ ಸ್ವಾಮಿ? ಅಡುಗೆ ಮಾಡೋಳು ನಾನು, ನನ್ನ ರುಚಿಗೆ."

ಮೇಜುಗಳಲ್ಲಿ ಕೂತವರೆಲ್ಲ ಗೊಳ್ಳೆಂದು ನಕ್ಕರು. ಸಾಹೇಬ ಮುಖ ಗಂಟಿಕ್ಕಿಕೊಂಡ. ಮೂಲೆಯಲ್ಲಿ ಅಣ್ಣ ಮಾತ್ರ ತಟ್ಟೆ ನೋಡುತ್ತ ಕೂತಿದ್ದ. ಅವನು ಯಾವಾಗ ತಾನೇ ನಕ್ಕಿದ್ದ ಅಂದುಕೊಂಡು ನಾನೂ ಸುಮ್ಮನಾದೆ.

ಅತ್ತಿಗೆ ಪೊಟ್ಟಣದ ಜೊತೆಗೆ ಬೇರೊಂದು ಡಬ್ಬಿ ಬಚ್ಚಿಟ್ಟುಕೊಂಡು ತನ್ನ ಮುಷ್ಟಿಯನ್ನು ಮುಂದುವರಿಸಿದಳು. ಸಾಹೇಬ ಎರಡು ಸಲ ಬಂದ, ಎರಡು ಸಲವೂ ಸೂಪು ಒಲೆಯಿಂದ ಇಳಿಯುವ ಹೊತ್ತಿಗೆ ಸರಿಯಾಗಿ. ಎರಡು ಎಚ್ಚರಿಕೆಯೂ ಮುಗಿದವು. ಇನ್ನೊಂದು ಸಲ ಸಿಕ್ಕಿಬಿದ್ದರೆ ಒಲೆ ಆರಿದಂತೆಯೇ.

"ಯಾರೋ ಒಳಗಿನವರೇ ಚಾಡಿ ಹೇಳ್ತಿದಾರೆ," ಅಂದಳು ಅತ್ತಿಗೆ. ಹೇಳುವಾಗ ನನ್ನನ್ನೇ ನೋಡಿದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಇಷ್ಟು ವರ್ಷ ಅವಳ ಗಲ್ಲಾ ಕಾದವಳು ನಾನು! ಅಂದಿನಿಂದ ನಾನು ಎದ್ದು ಹೊರಗೆ ಹೋದರೆ ಅವಳು ಕಿಟಕಿಗೆ ಬರುತ್ತಿದ್ದಳು. ಫೋನು ಹಿಡಿದರೆ ಅವಳ ಸೌಟಿನ ಸದ್ದು ನಿಲ್ಲುತ್ತಿತ್ತು. ನಾನೇನು ಕಡಿಮೆಯೇ, ನಾನು ರೇಡಿಯೋ ಮೇಲೆ ಕಣ್ಣಿಟ್ಟೆ. ರೇಡಿಯೋ ನಮ್ಮಿಬ್ಬರನ್ನೂ ನೋಡಿ ಗುನುಗುವುದನ್ನೇ ಬಿಟ್ಟಳು. ಮೂರು ಹೆಂಗಸರು ಒಬ್ಬರ ಬೆನ್ನು ಇನ್ನೊಬ್ಬರು ಕಾಯುತ್ತ ಒಂದೇ ಅಡುಗೆಮನೆಯಲ್ಲಿ ಕೆಲಸ ಮಾಡಿದೆವು.

ಒಂದು ಮಧ್ಯಾಹ್ನ ಅತ್ತಿಗೆ ನನ್ನ ಕಿವಿಯ ಹತ್ತಿರ ಬಂದು, "ಡಬ್ಬೀನ ಹಿಟ್ಟಿನ ಪೀಪಾಯಿಯೊಳಗೆ ಹೂತಿಟ್ಟಿದೀನಿ, ಯಾರಿಗೂ ಹೇಳಬೇಡ," ಅಂದಳು. ಕೊನೆಗೂ ನನ್ನನ್ನು ನಂಬಿದಳಲ್ಲ ಅಂತ ಹಿಗ್ಗಿದೆ. ನೀರಿನ ಡ್ರಮ್ಮಿನ ಹಿಂದೆ ಇದೆ ಅಂತ ರೇಡಿಯೋಗೂ ಹಾಗೇ ಪಿಸುಗುಟ್ಟಿದ್ದಳೆಂದು ಆಮೇಲೆ ತಿಳಿಯಿತು. ಎರಡೂ ಸುಳ್ಳು. ಸಾಹೇಬ ಎಲ್ಲಿ ಕೈ ಹಾಕುತ್ತಾನೋ ನೋಡಿ ಕಳ್ಳಿಯನ್ನು ಹಿಡಿಯುವ ಉಪಾಯ.

ಮರುದಿನವೇ ಸಾಹೇಬ ಬಂದ. ನಾನು ಪೀಪಾಯಿ ನೋಡಿ ಬೆವೆತೆ. ರೇಡಿಯೋ ಡ್ರಮ್ಮನ್ನು ನೋಡಿ ಬೆವೆತಳು. ಅತ್ತಿಗೆ ಸೊಂಟದ ಮೇಲೆ ಕೈಯಿಟ್ಟು ನಮ್ಮಿಬ್ಬರ ಮುಖಗಳನ್ನೂ ಓದುತ್ತ ನಿಂತಿದ್ದಳು. ಸಾಹೇಬ ಪೀಪಾಯಿಯನ್ನೂ ಮುಟ್ಟಲಿಲ್ಲ, ಡ್ರಮ್ಮನ್ನೂ ಮುಟ್ಟಲಿಲ್ಲ. ನೇರವಾಗಿ ಬಾಗಿಲ ಹಿಂದಿನ ಗೂಟಕ್ಕೆ ಹೋಗಿ, ಹರಿದ ಮಳೆಕೋಟಿನ ಒಳಜೇಬಿಗೆ ಕೈ ಹಾಕಿ ಡಬ್ಬಿ ತೆಗೆದ.

ಅತ್ತಿಗೆಯ ಮುಖದಲ್ಲಿ ರಕ್ತವೇ ಇರಲಿಲ್ಲ. ವಾದ ಮಾಡಲಿಲ್ಲ, ಬೈಯಲಿಲ್ಲ. ಸಾಹೇಬ ಹಾಕಿದ ಬೀಗವನ್ನು ಕೂಡ ತಿರುಗಿ ನೋಡದೆ ಮನೆಯ ಕಡೆ ನಡೆದಳು. ನಾನು ಹಿಂದೆಯೇ ಓಡಿದೆ.

ಅಣ್ಣ ಆಗಲೇ ಮನೆಯಲ್ಲಿದ್ದ. ಕುರ್ಚಿಯಲ್ಲಿ ಕೂತು, ಊದಿದ ಕಾಲುಗಳನ್ನು ಮಣೆಯ ಮೇಲೆ ಇಟ್ಟುಕೊಂಡಿದ್ದ. ಆ ಊತವನ್ನು ನಾವು ದಿನಾ ನೋಡುತ್ತಿದ್ದೆವು. ಕೂತು ಕೆಲಸ ಮಾಡುವವರಿಗೆ ಹಾಗಾಗುತ್ತದೆ ಅಂದುಕೊಂಡಿದ್ದೆವು.

"ಮಳೆಕೋಟಿನ ವಿಷಯ ನಾನು ಹೇಳಿದ್ದು ನಿಮಗೊಬ್ಬರಿಗೇ," ಅಂದಳು ಅತ್ತಿಗೆ.

"ಹೌದು."

"ಯಾಕ್ರೀ?"

ಅಣ್ಣ ಕಾಲು ಕೆಳಗಿಳಿಸಿದ. "ಉಪ್ಪು ಬಿಡಬೇಕು ಅಂತ ಡಾಕ್ಟರು ಹೇಳಿ ಎರಡು ವರ್ಷ ಆಯ್ತು. ಬಿಡದಿದ್ರೆ ಮೂತ್ರಪಿಂಡ ಹೋಗುತ್ತೆ ಅಂದ್ರು."

"ನನಗೆ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ? ಗಂಡ ಹೆಂಡತಿ ಮಧ್ಯೆ ಸರ್ಕಾರ ಬರಬೇಕಾಗಿತ್ತಾ?"

"ಡಾಕ್ಟರ ವಿಷಯ ಹೇಳಲಿಲ್ಲ, ಹೆದರ್ತೀಯ ಅಂತ. ಆದ್ರೆ ಉಪ್ಪು ಜಾಸ್ತಿ ಆಯ್ತು ಅಂತ ಎಷ್ಟೋ ಸಲ ಹೇಳಿದೀನಿ," ಅಂದ ಅಣ್ಣ. ಅವನು ಅಷ್ಟುದ್ದ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. "ಪ್ರತಿ ಸಲಾನೂ ನೀನು ನನ್ನ ತಟ್ಟೆಯಿಂದಲೇ ಒಂದು ತುತ್ತು ತಗೊಂಡು ತಿಂದು ನೋಡಿ, ಸರಿಯಾಗೇ ಇದೆ ಅಂದೆ. ಸರ್ಕಾರ ಹೇಳಿದ್ರಾದ್ರೂ ಕೇಳ್ತೀಯ ಅನ್ಕೊಂಡೆ."

ನನಗೆ ಅವನ ಮೇಲೆ ಕೋಪ ಬಂತು. ಮೂವರ ಅನ್ನಕ್ಕೆ ಕಲ್ಲು ಹಾಕಿ ಕೂತಿದ್ದಾನಲ್ಲ! ಮರುಕ್ಷಣವೇ ಆ ಕಾಲುಗಳನ್ನು ನೋಡಿ ಸಂಕಟವಾಯಿತು. ಎರಡೂ ಒಟ್ಟಿಗೇ ಇದ್ದವು, ಈಗಲೂ ಇವೆ.

ಅತ್ತಿಗೆ ಒಲೆ ಹಚ್ಚಿದಳು. ತರಕಾರಿ ಹೆಚ್ಚಿ, ಬೇಯಿಸಿ, ಒಂದು ಹರಳು ಉಪ್ಪನ್ನೂ ಹಾಕದೆ ಸೂಪು ಮಾಡಿ ಅವನ ಮುಂದಿಟ್ಟಳು. ಎದುರಿಗೆ ಕೂತಳು. ಅಣ್ಣ ಒಂದು ಚಮಚ ಕುಡಿದ, ಇನ್ನೊಂದು ಕುಡಿದ.

"ಹೇಗಿದೆ?" ಅಂದಳು. ಅವಳು ಹಾಗೆ ಕೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಚೆನ್ನಾಗಿದೆ," ಅಂದ ಅಣ್ಣ.

ಅತ್ತಿಗೆ ಅವನ ಮುಖವನ್ನು ಬಹಳ ಹೊತ್ತು ನೋಡಿದಳು.

"ಕೋಟು ಎಲ್ಲಿದೆ ಅಂತ ಹೇಳಿದಾಗಲೂ ಇದೇ ಮುಖ ಇಟ್ಕೊಂಡಿದ್ರಿ," ಅಂದಳು. "ಈಗ ನಿಜ ಹೇಳ್ತಿದೀರೋ ಸುಳ್ಳು ಹೇಳ್ತಿದೀರೋ, ನನಗೆ ಹೇಗ್ರೀ ಗೊತ್ತಾಗಬೇಕು?"

ಅಣ್ಣ ತಲೆ ತಗ್ಗಿಸಿಕೊಂಡು ಉಳಿದ ಸೂಪನ್ನು ಕುಡಿದ.