ಉಜ್ಜನಪ್ಪನ ಮುಚ್ಚಿದ ಗೇಟು
ಹರಿಹರದ ಉಜ್ಜನಪ್ಪ ರೈಲ್ವೆ ಗೇಟು ಕಾಯುವ ಕೆಲಸದಿಂದ ನಿವೃತ್ತನಾದ ಮೇಲೆ, ದಾವಣಗೆರೆಯಿಂದ ಹರಿಹರದವರೆಗಿನ ರೈಲುದಾರಿಯನ್ನು ಹಳೇ ಬಾಗಿಲೊಂದರ ಮೇಲೆ ಆಟಿಕೆಯಂತೆ ಕಟ್ಟಿದ್ದಾನೆ, ಅದೂ ಕಾಸು ಬಿಚ್ಚದೆ. ಹೆಂಡತಿ ದ್ರಾಕ್ಷಾಯಣಮ್ಮ ಸೋಸಿ ಚೆಲ್ಲುವ ಚಹಾದ ಚರಟವೇ ಒಣಗಿ ಎರೆಹೊಲವಾಗಿದೆ. ಗಿರಣಿಯಿಂದ ಹಾರಿಬಂದ ಹತ್ತಿ ಇಂಜಿನ್ನಿನ ಹೊಗೆಯಾಗಿದೆ. ಅವಳ ಕಸಬರಿಗೆಯ ಕಡ್ಡಿಗಳು ಹಳಿಯಾಗಿವೆ. ಗುಡ್ಡದ ಮೇಲೆ ಮೇಯುವ ಕುರಿಗಳೆಲ್ಲ ಮಂಡಕ್ಕಿ. ಇರುವೆಗಳು ಹೊತ್ತೊಯ್ದಷ್ಟು ಕುರಿಗಳನ್ನು ಬೆಳಿಗ್ಗೆ ಎದ್ದು ಹೊಸದಾಗಿ ಬಿಡುತ್ತಾನೆ. "ಕಸಬರಿಗೆ ಬೋಳಾತು, ಇನ್ನ ಯಾತ್ರಾಗ ಕಸ ಹೊಡೀಲಿ ಅಂತೀರಿ?" ಎಂದು ಅವಳು ರೇಗಿದರೆ, "ಸಿಗ್ನಲ್ ಬಿದ್ದೈತೆ, ಆಮ್ಯಾಲೆ ಮಾತಾಡು" ಎನ್ನುತ್ತಾನೆ. ಆ ಆಟಿಕೆ ದಾರಿಯ ಗೇಟು ಮಾತ್ರ ಸದಾ ಮುಚ್ಚಿರುತ್ತದೆ. ನೋಡಲು ಬಂದವರು ಎತ್ತಲು ಹೋದರೆ, "ಬ್ಯಾಡ್ರಿ, ಗಾಡಿ ಬರೋ ಹೊತ್ತು" ಎಂದು ಕೈ ಹಿಡಿಯುತ್ತಾನೆ. ಯಾಕೆಂದು ಬಲ್ಲವಳು ದ್ರಾಕ್ಷಾಯಣಮ್ಮ ಒಬ್ಬಳೇ. ಹಿಂದೊಂದು ಮಧ್ಯಾಹ್ನ ಅವನು ತೂಕಡಿಸಿದ್ದಾಗ, ತೆರೆದೇ ಉಳಿದಿದ್ದ ಗೇಟಿನಲ್ಲಿ ಉಕ್ಕಡಗಾತ್ರಿ ಜಾತ್ರೆಗೆ ಹೊರಟ ಹೆಂಗಸರ ಎತ್ತಿನಗಾಡಿ ರೈಲಿಗಿಂತ ಒಂದೇ ಗಳಿಗೆ ಮುಂಚೆ ಹಳಿ ದಾಟಿತ್ತು. ಯಾರಿಗೂ ಏನೂ ಆಗಲಿಲ್ಲ. ಇವನು ಮಾತ್ರ ಅಂದಿನಿಂದ ಹಗಲು ಕಣ್ಣು ಮುಚ್ಚಿದವನಲ್ಲ. ಇವತ್ತು ಉಂಡೆದ್ದವನು ಶೇಂಗಾ ಸಿಪ್ಪೆಯಲ್ಲಿ ಎತ್ತಿನಗಾಡಿ ಮಾಡಿ, ಹಳಿಯ ಆಚೆ ಇಟ್ಟು, "ದಾಟೈತೆ ನೋಡು" ಎಂದ. ಆಮೇಲೆ ತಾನೇ ಗೇಟು ಎತ್ತಿ, ಅಲ್ಲೇ ಚಾಪೆಯ ಮೇಲೆ ಉರುಳಿ ಗೊರಕೆ ಹೊಡೆಯತೊಡಗಿದ. ದ್ರಾಕ್ಷಾಯಣಮ್ಮ ಸದ್ದಾಗದಂತೆ ಬಗ್ಗಿ ನೋಡಿದಳು. ಗಾಡಿಗೆ ನೊಗ ಇರಲಿಲ್ಲ. ಬೋಳು ಕಸಬರಿಗೆಯಿಂದ ಒಂದು ಕಡ್ಡಿ ಮುರಿದು, ಎತ್ತುಗಳ ಹೆಗಲ ಮೇಲೆ ಇಟ್ಟಳು.